ಮಾತು ಕೇಳುವ ಪೆಟ್ಟಿಗೆಯೂ ಅದರ ಬ್ಯಾಟರಿಯೂ

(ಸಂಘದ ಭಾನುವಾರದ ಸಭೆಯಲ್ಲಿ ಗೋದಾಮು ಕೆಲಸಗಾರರ ಪರವಾಗಿ ಮಾಡಿದ ಭಾಷಣ. ಸಭಿಕರ ಅಪೇಕ್ಷೆಯಂತೆ ಇಲ್ಲಿ ಅಚ್ಚಾಗಿದೆ.)



ಭಾಷಣ ಮಾಡಿ ನಮಗೆ ಅಭ್ಯಾಸವಿಲ್ಲ. ಕಳೆದ ಸಭೆಯಲ್ಲಿ ಕಾರ್ಯದರ್ಶಿಗಳು, "ಭಿವಂಡಿಯ ಗೋದಾಮಿನಲ್ಲಿ ನೀವು ಸೊಂಟಕ್ಕೆ ಏನನ್ನೋ ಕಟ್ಟಿಕೊಂಡು, ಕಿವಿಗೆ ಏನನ್ನೋ ಸಿಕ್ಕಿಸಿಕೊಂಡು, ಗಾಳಿಯೊಡನೆ ಮಾತಾಡುತ್ತ ತಿರುಗುತ್ತೀರಂತಲ್ಲ, ಅದೇನೆಂದು ನಮ್ಮವರಿಗೂ ತಿಳಿಸಿ" ಎಂದರು. ಆ ಗೋದಾಮಿನಲ್ಲಿ ನಾವು ಕನ್ನಡಿಗರು ನಾಲ್ವರಿದ್ದೇವೆ. ಇಬ್ಬರು ಮೊದಲು ಮಾಟುಂಗದ ಕಡೆಯ ಹೋಟೆಲುಗಳಲ್ಲಿ ಮಾಣಿಗಳಾಗಿದ್ದವರು. ಒಬ್ಬರ ತಂದೆ ಪರಳದ ಗಿರಣಿಯೊಂದರಲ್ಲಿ ಮಗ್ಗದ ಖಾತೆಯಲ್ಲಿದ್ದರು. ನಾಲ್ಕನೆಯವನು ಊರಿನಿಂದ ನೇರವಾಗಿ ಗೋದಾಮಿಗೇ ಬಂದವನು. ಇಲ್ಲಿ ನಿಂತು ಆಡುವವರು ಒಬ್ಬರಾದರೂ ಆಡುವ ಮಾತು ನಾಲ್ವರದೂ ಹೌದು.

ಹೋಟೆಲಿನವರಿಗೆ ಈ ಯಂತ್ರವನ್ನು ತಿಳಿಸುವುದು ಸುಲಭ. ಮಾಣಿ ಅಡಿಗೆಮನೆಯ ಕಡೆ ಮುಖ ಮಾಡಿ "ಎರಡು ಸಾದಾ, ಒಂದು ಮಸಾಲೆ" ಎಂದು ಕೂಗುತ್ತಾನೆ. ಭಟ್ಟರು ಕೈ ನಿಲ್ಲಿಸದೆ, ತಲೆಯನ್ನೂ ಎತ್ತದೆ, "ಎರಡು ಸಾದಾ, ಒಂದು ಮಸಾಲೆ" ಎಂದು ತಿರುಗಿ ಹೇಳುತ್ತಾರೆ. ತಿರುಗಿ ಬಂದ ಮಾತು ಸರಿಯಾಗಿದ್ದರೆ ಮಾಣಿ ಮುಂದಿನ ಮೇಜಿಗೆ ಹೋಗುತ್ತಾನೆ. ನಮ್ಮ ಗೋದಾಮಿನಲ್ಲಿ ಕೂಗುವ ಮಾಣಿ ಕಂಪ್ಯೂಟರು. ತಿರುಗಿ ಹೇಳುವ ಭಟ್ಟರು ನಾವು. ಸೊಂಟಪಟ್ಟಿಗೆ ಒಂದು ಪೆಟ್ಟಿಗೆ, ತಲೆಗೆ ಹೆಡ್‌ಸೆಟ್ಟು, ಬಾಯಿಯ ಪಕ್ಕಕ್ಕೆ ಸಣ್ಣ ಮೈಕು. ಕಿವಿಯಲ್ಲಿ ಸಾಲಿನ ಸಂಖ್ಯೆ, ಖಾನೆಯ ಸಂಖ್ಯೆ ಕೇಳಿಸುತ್ತದೆ. ಅಲ್ಲಿಗೆ ಹೋಗಿ ಖಾನೆಯ ಮೇಲೆ ಅಂಟಿಸಿದ ಎರಡು ಮೂರು ಅಂಕಿಗಳನ್ನು ಓದಿ ಹೇಳಬೇಕು. ಅಂಕಿ ತಾಳೆಯಾದರೆ ಮಾತ್ರ "ಆರು" ಎನ್ನುತ್ತದೆ. ಆರು ಡಬ್ಬ ಎತ್ತಿ ಗಾಡಿಗೆ ಹಾಕಿ ನಾವೂ "ಆರು" ಎನ್ನಬೇಕು. ಮುಂದಿನ ಖಾನೆ ಬರುತ್ತದೆ. ಕಾಗದವಿಲ್ಲ, ಪೆನ್ಸಿಲಿಲ್ಲ. ಎರಡು ಕೈಗಳೂ ಎರಡು ಕಣ್ಣುಗಳೂ ಕೆಲಸಕ್ಕೆ ಬಿಡುವಾಗಿರುತ್ತವೆ. ಹಿಂದೆ ಚೀಟಿ ನೋಡುತ್ತ ನಡೆದು ಫೋರ್ಕ್‌ಲಿಫ್ಟಿಗೆ ಎದುರಾದವರನ್ನು ನಾವೇ ಕಂಡಿದ್ದೇವೆ. ಆದ್ದರಿಂದ ಯಂತ್ರವನ್ನು ಬರಿದೆ ಹಳಿಯುವುದಿಲ್ಲ.

ಮಗ್ಗದ ಖಾತೆಯಲ್ಲಿದ್ದ ಹಿರಿಯರಿಗೆ ಇದು ವಿಚಿತ್ರವಾಗಿ ತೋರಬಹುದು. ಅಲ್ಲಿ ಮಗ್ಗಗಳ ಗದ್ದಲದಲ್ಲಿ ಮಾತಿಗೆ ಬೆಲೆಯೇ ಇರಲಿಲ್ಲ. ತುಟಿ ನೋಡಿ, ಕೈಸನ್ನೆ ಮಾಡಿ ಕೆಲಸ ಸಾಗುತ್ತಿತ್ತು. ಮನೆಗೆ ಬಂದ ಮೇಲೂ ಗಟ್ಟಿಯಾಗಿಯೇ ಮಾತಾಡುತ್ತಿದ್ದರು ಎಂದು ನಮ್ಮ ಗೆಳೆಯರು ತಂದೆಯನ್ನು ನೆನೆಯುತ್ತಾರೆ. 1982ರ ಜನವರಿ 18ರಂದು ಆರಂಭವಾದ ಮುಷ್ಕರ, ಅದರ ನಂತರ ಒಂದೊಂದಾಗಿ ಮುಚ್ಚಿದ ಗಿರಣಿಗಳು, ಇವನ್ನು ಈ ಸಭೆಗೆ ನಾವು ಹೇಳಬೇಕಾದುದಿಲ್ಲ. ಪವರ್‌ಲೂಮುಗಳ ಊರಾದ ಭಿವಂಡಿಯ ಸುತ್ತ ಈಗ ಗೋದಾಮುಗಳ ಸಾಲು ಎದ್ದಿದೆ. ಗಿರಣಿಯವರ ಮಕ್ಕಳು ಅನೇಕರು ಬೆಳಗಿನ ಗಾಡಿ ಹಿಡಿದು ಅಲ್ಲಿಗೆ ಹೋಗುತ್ತಾರೆ.

ಯಂತ್ರ ನಮ್ಮ ದೇಶದ್ದಲ್ಲ. ಅಮೆರಿಕದ ಪಿಟ್ಸ್‌ಬರ್ಗಿನಲ್ಲಿ 1987ರಲ್ಲಿ ಹುಟ್ಟಿದ ವೊಕೊಲೆಕ್ಟ್ ಎಂಬ ಕಂಪನಿ ಇಂಥ ಪೆಟ್ಟಿಗೆಗಳನ್ನು ಟಾಕ್‌ಮನ್ ಎಂಬ ಹೆಸರಿನಲ್ಲಿ ಮಾಡಿತು. ಅದನ್ನು 2011ರಲ್ಲಿ ಇಂಟರ್‌ಮೆಕ್ ಕೊಂಡಿತು, ಇಂಟರ್‌ಮೆಕ್ಕನ್ನು 2013ರಲ್ಲಿ ಹನಿವೆಲ್ ಕೊಂಡಿತು. ಈಗ ಬೇರೆಯವರ ಪೆಟ್ಟಿಗೆಗಳೂ ಇವೆ. ಮೊಬೈಲಿನಂಥ ಯಂತ್ರದಲ್ಲೇ ಈ ಕೆಲಸ ನಡೆಸುವವರೂ ಇದ್ದಾರೆ. ಮಾದರಿ ಯಾವುದಾದರೂ ನಾವು ಹೇಳುವುದರಲ್ಲಿ ಬಹುಪಾಲು ಎಲ್ಲಕ್ಕೂ ಸಲ್ಲುತ್ತದೆ.

ಮೊದಲು ಧ್ವನಿಯ ವಿಚಾರ. ನಮ್ಮಲ್ಲಿರುವಂಥ ಪೆಟ್ಟಿಗೆ ಊರ ಮಾತನ್ನೆಲ್ಲ ಬಲ್ಲುದಲ್ಲ. ಅದು ಒಬ್ಬೊಬ್ಬರ ಧ್ವನಿಯನ್ನು ಬೇರೆ ಬೇರೆಯಾಗಿ ಕಲಿಯುತ್ತದೆ. ಹೊಸಬರು ಸೇರಿದ ದಿನ ಅಂಕಿಗಳನ್ನೂ ಹತ್ತಾರು ಆಜ್ಞೆಗಳನ್ನೂ ಒಂದೊಂದನ್ನೂ ಹಲವು ಸಲ ಹೇಳಿ ಅದಕ್ಕೆ ಪಾಠ ಮಾಡಬೇಕು. ಇಲ್ಲಿಯೇ ನಮ್ಮವರು ಎಡವುತ್ತಾರೆ. ನಮ್ಮ ಗೋದಾಮಿನಲ್ಲಿ ಮಾತು ಇಂಗ್ಲಿಷ್ ಅಂಕಿಗಳಲ್ಲಿ. ಪಾಠದ ದಿನ ಸಾಹೇಬರು ಎದುರಿಗಿರುತ್ತಾರೆಂದು ನಾವು ನಾಲಿಗೆ ಬಿಗಿಹಿಡಿದು "ಫೋರ್" ಎಂದು ರೇಡಿಯೋದವರಂತೆ ಹೇಳಿದೆವು. ಮರುದಿನ ಬೆವರು ಸುರಿಸುತ್ತ ದುಡಿಯುವಾಗ ಬಾಯಿಗೆ ಬಂದದ್ದು ನಮ್ಮ ಊರಿನ "ಪೋರು". ಪೆಟ್ಟಿಗೆ, ಮತ್ತೆ ಹೇಳು ಎಂದಿತು. ಮತ್ತೆ "ಪೋರು". ಮತ್ತೆ ಹೇಳು. ಎಂಟು ಎನ್ನಲು "ಯೇಟು" ಎನ್ನುವವರು ನಮ್ಮಲ್ಲಿದ್ದಾರೆ, "ಎಯ್ಟು" ಎನ್ನುವವರೂ ಇದ್ದಾರೆ. ಎರಡೂ ಸರಿಯೇ! ಪೆಟ್ಟಿಗೆಗೆ ಇಂಗ್ಲಿಷಿನ ಶುದ್ಧಾಶುದ್ಧದ ಹಂಗಿಲ್ಲ. ಕಲಿಸಿದ ದಿನ ಹೇಗೆ ಹೇಳಿದೆವೋ ದುಡಿಯುವ ದಿನವೂ ಹಾಗೆಯೇ ಹೇಳಬೇಕು, ಅಷ್ಟೆ. ಆದುದರಿಂದ ಪಾಠ ಮಾಡುವಾಗ ನಾಚದೆ ನಿಮ್ಮ ಬಾಯಿಯ ಮಾತನ್ನೇ ಕಲಿಸಿ. ಯಾವುದಾದರೊಂದು ಪದವನ್ನು ಅದು ಮೇಲಿಂದ ಮೇಲೆ ತಪ್ಪಾಗಿ ಹಿಡಿದರೆ ಆ ಒಂದು ಪದವನ್ನು ಮಾತ್ರ ಮತ್ತೆ ಕಲಿಸಲು ಬರುತ್ತದೆ. ಅದನ್ನು ಕೇಳಿ ಮಾಡಿಸಿಕೊಳ್ಳುವುದು ಹಕ್ಕು, ಬೇಡಿಕೆಯಲ್ಲ.

ಪಾಳಿಯ ಆರಂಭದಲ್ಲಿ ಕೆಲವು ಕ್ಷಣ ಸುಮ್ಮನಿರು ಎಂದು ಅದು ಹೇಳುತ್ತದೆ. ಸುತ್ತಲಿನ ಗದ್ದಲವನ್ನು ಅಳೆದುಕೊಳ್ಳುವ ಹೊತ್ತು ಅದು. ಆಗ ಪಕ್ಕದವನೊಡನೆ ನಗೆಯಾಡಿದರೆ ನಿಮ್ಮ ನಗೆಯನ್ನೂ ಗದ್ದಲವೆಂದು ಬರೆದುಕೊಂಡು ದಿನವೆಲ್ಲ ಕಾಡುತ್ತದೆ. ಮೈಕು ಬಾಯಿಯ ಮೂಲೆಗೆ ಹತ್ತಿರವಿರಬೇಕು, ಉಸಿರು ನೇರವಾಗಿ ಬಡಿಯಬಾರದು. ಮೈಕಿನ ಮೇಲಿನ ಸ್ಪಂಜಿನ ಟೊಪ್ಪಿಗೆ ಎಂಜಲಿನದು. ಒಬ್ಬರದನ್ನು ಒಬ್ಬರು ಹಾಕಿಕೊಳ್ಳಬೇಡಿ. ನೆಗಡಿ ಬಂದಾಗ ಈ ಮಾತು ಎಲ್ಲರಿಗೂ ನೆನಪಾಗುತ್ತದೆ, ಆದರೆ ಆ ಹೊತ್ತಿಗೆ ಮೂವರಿಗೆ ಹತ್ತಿರುತ್ತದೆ.

ನಾವು ಆಡುವ ಮಾತೆಲ್ಲವನ್ನೂ ಮಾಲಿಕ ಕೂತು ಕೇಳುತ್ತಾನೆಯೇ ಎಂದು ಹೋದ ಸಭೆಯಲ್ಲಿ ಅಕ್ಕನವರೊಬ್ಬರು ಕೇಳಿದ್ದರು. ನಮ್ಮ ಹರಟೆ ಕೇಳಲೆಂದು ಈ ಯಂತ್ರ ಮಾಡಿದ್ದಲ್ಲ. ಆದರೆ ಅದು ಬರೆದಿಡುವುದು ಇನ್ನೊಂದಿದೆ: ಪ್ರತಿಯೊಂದು ಉತ್ತರ ಯಾವ ಹೊತ್ತಿಗೆ ಬಂತು, ಒಂದು ಖಾನೆಗೂ ಇನ್ನೊಂದಕ್ಕೂ ನಡುವೆ ಎಷ್ಟು ನಿಮಿಷ ಹೋಯಿತು. ನಮ್ಮ ಕೂಲಿಯ ಮೇಲೆ ಕೂತಿರುವುದು ಈ ಲೆಕ್ಕ. ಇದರಿಂದಲೇ ಬ್ಯಾಟರಿಯ ಕಥೆ ಬರಿಯ ಬ್ಯಾಟರಿಯ ಕಥೆಯಾಗಿ ಉಳಿಯುವುದಿಲ್ಲ.

ನಮ್ಮ ನಾಲ್ವರಲ್ಲಿ ಕಿರಿಯವನ ಹೆಸರು ಹೇಳುವುದಿಲ್ಲ. ಇಲ್ಲೇ ಕೂತಿದ್ದಾನೆ, ನಾಚಿಕೊಳ್ಳುತ್ತಾನೆ. ಕಳೆದ ಮಳೆಗಾಲದಲ್ಲಿ ಅವನ ಲೆಕ್ಕ ದಿನದಿನಕ್ಕೆ ಇಳಿಯತೊಡಗಿತು. ಪಾಳಿ ಆರಂಭವಾಗಿ ನಾಲ್ಕು ತಾಸಾಗುವುದರೊಳಗೆ ಅವನ ಪೆಟ್ಟಿಗೆ ಸತ್ತುಹೋಗುತ್ತಿತ್ತು. ಚಾರ್ಜಿನ ಕೋಣೆ ಗೋದಾಮಿನ ಆ ತುದಿ. ಅಲ್ಲಿಯವರೆಗೆ ನಡೆದು, ಬ್ಯಾಟರಿ ಬದಲಾಯಿಸಿ, ಪೆಟ್ಟಿಗೆ ಎಚ್ಚರಾಗುವವರೆಗೆ ಕಾದು, ಮತ್ತೆ ಹೆಸರು ಕೊಟ್ಟು ತಿರುಗಿ ಬರಬೇಕು. ಅಷ್ಟೂ ಹೊತ್ತನ್ನು ಕಂಪ್ಯೂಟರು 'ಸುಮ್ಮನಿದ್ದ ಹೊತ್ತು' ಎಂದು ಬರೆಯಿತು. ಇನಾಮಿನ ಹಣ ಎರಡು ವಾರ ನಿಂತಿತು. ಮೂರನೆಯ ವಾರ ಗುತ್ತಿಗೆದಾರನ ಮುಕಾದಮ, "ಸೋಮಾರಿ, ಬೇರೆ ಕಡೆ ನೋಡಿಕೋ" ಎಂದ. ಹುಡುಗ ಊರಿಗೆ ಚೀಟಿ ಮಾಡಿಸುವ ಮಾತಾಡಿದ. ನಾವೂ, ನಿಜ ಹೇಳಬೇಕೆಂದರೆ, ಇವನೇ ಎಲ್ಲೋ ಕೂತು ಮೊಬೈಲು ನೋಡುತ್ತಿರಬೇಕು ಎಂದುಕೊಂಡಿದ್ದೆವು.

ಕಾರಣ ತಿಳಿದದ್ದು ಅವನ ರೈಲಿನಿಂದ. ಅವನಿರುವುದು ಎಲ್ಲರಿಗಿಂತ ದೂರ; ಪಾಳಿಗೆ ಕೊನೆಯಲ್ಲಿ ಬಂದು ಮುಟ್ಟುವವನು. ಆ ಹೊತ್ತಿಗೆ ಒಳ್ಳೆಯ ಬ್ಯಾಟರಿಗಳನ್ನು ಮೊದಲು ಬಂದವರು ಆರಿಸಿಕೊಂಡು ಹೋಗಿರುತ್ತಿದ್ದರು. ಗೂಡಿನಲ್ಲಿ ಉಳಿಯುವುದು ದಿನವೂ ಅದೇ ಎರಡು ಮೂರು ಮುದಿ ಬ್ಯಾಟರಿ. ದೀಪ ಹಸಿರಾಗಿಯೇ ಉರಿಯುತ್ತಿತ್ತು. ಹಸಿರು ದೀಪ ಹೊಟ್ಟೆ ತುಂಬಿದೆ ಎನ್ನುತ್ತದೆಯೇ ಹೊರತು ಹೊಟ್ಟೆ ಎಷ್ಟು ದೊಡ್ಡದು ಎನ್ನುವುದಿಲ್ಲ.

ಇದನ್ನು ತಿಳಿಯಲು ಬ್ಯಾಟರಿಯ ಒಳಗು ಸ್ವಲ್ಪ ಗೊತ್ತಿರಬೇಕು. ಇವು ಲಿಥಿಯಂ ಅಯಾನ್ ಬ್ಯಾಟರಿಗಳು. ಮಾರುಕಟ್ಟೆಗೆ ಮೊದಲು ತಂದದ್ದು ಜಪಾನಿನ ಸೋನಿ ಕಂಪನಿ, 1991ರಲ್ಲಿ. ಇದರ ಹಿಂದಿನ ಶೋಧಕ್ಕಾಗಿ ಗುಡ್‌ಇನಫ್, ವಿಟಿಂಗ್‌ಹ್ಯಾಮ್, ಯೋಶಿನೊ ಎಂಬ ಮೂವರಿಗೆ 2019ರಲ್ಲಿ ನೊಬೆಲ್ ಬಹುಮಾನ ಬಂತು. ಗಿರಣಿಯವರ ಮಾತಿನಲ್ಲಿ ಹೇಳುವುದಾದರೆ ಒಳಗೊಂದು ಲಾಳಿ ಓಡುತ್ತದೆ. ಚಾರ್ಜು ಮಾಡುವಾಗ ಲಿಥಿಯಂ ಕಣಗಳು ಈ ಮಗ್ಗುಲಿನಿಂದ ಆ ಮಗ್ಗುಲಿಗೆ ಹೋಗಿ ಕೂಡುತ್ತವೆ. ಕೆಲಸ ಮಾಡುವಾಗ ಆ ಮಗ್ಗುಲಿನಿಂದ ಈ ಮಗ್ಗುಲಿಗೆ ಮರಳುತ್ತವೆ. ಒಂದೊಂದು ಓಟದಲ್ಲಿಯೂ ಒಂದಿಷ್ಟು ನೂಲು ಸಿಕ್ಕಿಕೊಂಡು ನಷ್ಟವಾಗುತ್ತದೆ. ಸಾಧಾರಣವಾಗಿ ಮುನ್ನೂರರಿಂದ ಐನೂರು ಪೂರ್ತಿ ಓಟಗಳಾಗುವುದರೊಳಗೆ ಹೊಸದರಲ್ಲಿದ್ದ ಶಕ್ತಿಯಲ್ಲಿ ನೂರಕ್ಕೆ ಎಂಬತ್ತರಷ್ಟು ಉಳಿಯುತ್ತದೆ ಎಂಬುದು ಬಲ್ಲವರ ಅಂದಾಜು. ಎರಡು ಪಾಳಿಯ ಗೋದಾಮಿನಲ್ಲಿ ಅಷ್ಟು ಓಟ ಮುಗಿಯಲು ಬಹಳ ವರ್ಷ ಬೇಕಿಲ್ಲ. ಅಂದರೆ ಬ್ಯಾಟರಿ ಮುದಿಯಾಗುವುದು ಯಾರ ತಪ್ಪೂ ಅಲ್ಲ. ಮುದಿಯಾದದ್ದನ್ನು ಗೂಡಿನಲ್ಲಿ ಇಟ್ಟೇ ಇರುವುದು ಮಾತ್ರ ತಪ್ಪು.

ನಾವು ಮಾಡಿದ್ದು ಇಷ್ಟೆ. ಒಂದು ನೂರು ಪುಟದ ವಹಿ ಕೊಂಡೆವು. ಮೇಲಿನವರ ಅನುಮತಿ ಕೇಳಿ ಪ್ರತಿ ಬ್ಯಾಟರಿಯ ಬೆನ್ನಿಗೆ ಬಣ್ಣದ ಪೆನ್ನಿನಿಂದ ಒಂದು ಸಂಖ್ಯೆ ಬರೆದೆವು. ಯಾವ ಬ್ಯಾಟರಿ, ಯಾವಾಗ ಹಾಕಿದ್ದು, ಯಾವಾಗ ಸೋತದ್ದು, ಯಾರ ಸೊಂಟದಲ್ಲಿ ಎಂದು ಮೂರು ವಾರ ಬರೆದೆವು. 17ನೆಯ ಬ್ಯಾಟರಿ ಹುಡುಗನ ಸೊಂಟದಲ್ಲಿ ನಾಲ್ಕು ತಾಸು ನಡೆಯಿತು. ಅದನ್ನೇ ನಮ್ಮ ಖಾತೆಯಲ್ಲಿ ಎಲ್ಲರಿಗಿಂತ ಚುರುಕಾದವನಿಗೆ ಕಟ್ಟಿದೆವು. ಅವನಲ್ಲಿಯೂ ನಾಲ್ಕೇ ತಾಸು, ಅವನಿಗೂ 'ಸುಮ್ಮನಿದ್ದ ಹೊತ್ತು'. ಹುಡುಗನಿಗೆ ಹೊಸ ಬ್ಯಾಟರಿ ಕೊಟ್ಟ ದಿನ ಪಾಳಿ ಮುಗಿದರೂ ಪೆಟ್ಟಿಗೆ ಮಾತಾಡುತ್ತಲೇ ಇತ್ತು. ವಹಿ ತೆಗೆದುಕೊಂಡು ನಾಲ್ವರೂ ಒಟ್ಟಿಗೆ ಹೋಗಿ ಗೋದಾಮಿನ ವ್ಯವಸ್ಥಾಪಕರ ಮೇಜಿನ ಮೇಲಿಟ್ಟೆವು. ಅವರು ಕೆಟ್ಟವರಲ್ಲ, ನೋಡಿದರು. ಒಂಬತ್ತು ಬ್ಯಾಟರಿಗಳನ್ನು ತೆಗೆಸಿದರು. ಬ್ಯಾಟರಿ ಬದಲಾಯಿಸುವ ಹೊತ್ತನ್ನು ಬೇರೆ ಹೆಸರಿನಲ್ಲಿ ಬರೆಯುವಂತೆ ಕಂಪ್ಯೂಟರಿನವರಿಗೆ ಹೇಳಿದರು. ಈಗ ಆ ಹೊತ್ತು ನಮ್ಮ ಲೆಕ್ಕಕ್ಕೆ ಬೀಳುವುದಿಲ್ಲ. ಹುಡುಗ ಕೆಲಸದಲ್ಲಿದ್ದಾನೆ. ಆದರೆ ಆ ಎರಡು ವಾರದ ಇನಾಮು ಇನ್ನೂ ಬಂದಿಲ್ಲ. ಅದು ಗುತ್ತಿಗೆದಾರನ ವಿಚಾರ ಎನ್ನುತ್ತಾರೆ ಮಾಲಿಕರ ಕಡೆಯವರು. ಕಂಪ್ಯೂಟರಿನ ವಿಚಾರ ಎನ್ನುತ್ತಾನೆ ಗುತ್ತಿಗೆದಾರ. ನಾವು ಕೇಳುವುದನ್ನು ಬಿಟ್ಟಿಲ್ಲ.

ಬ್ಯಾಟರಿ ಬಾಳುವುದು ಇಟ್ಟುಕೊಳ್ಳುವ ರೀತಿಯ ಮೇಲೂ ಇದೆ. ಪೂರ್ತಿ ಸತ್ತ ಮೇಲೆಯೇ ಚಾರ್ಜಿಗೆ ಹಾಕಬೇಕೆಂಬ ನಂಬಿಕೆ ನಮ್ಮಲ್ಲಿ ಇನ್ನೂ ಇದೆ. ಹಳೆಯ ವಾಕಿಟಾಕಿಗಳ ನಿಕ್ಕಲ್ ಕ್ಯಾಡ್ಮಿಯಂ ಬ್ಯಾಟರಿಯ ಕಾಲದ ಮಾತು ಅದು. ಲಿಥಿಯಮ್ಮಿಗೆ ಅದು ಸಲ್ಲದು. ಪ್ರತಿ ಸಲ ತಳ ಕಾಣುವವರೆಗೆ ದುಡಿಸಿದರೆ ಅದು ಬೇಗ ಸೋಲುತ್ತದೆ. ಊಟದ ಹೊತ್ತಿನಲ್ಲಿ ಗೂಡಿಗೆ ಹಾಕಿದರೆ ತಪ್ಪೇನಿಲ್ಲ. ಬಿಸಿಲು ಬೀಳುವ ಕಿಟಕಿಯ ಬಳಿ, ತಗಡಿನ ಮಾಡಿನ ಕೆಳಗೆ, ಲಾರಿಯ ಮುಂದಿನ ಗಾಜಿನ ಹಿಂದೆ ಇಡಬೇಡಿ. ಸೆಖೆ ಅದರ ಮೊದಲನೆಯ ಶತ್ರು. ಹಬ್ಬಕ್ಕೆಂದು ಬಹಳ ದಿನ ಬಾಗಿಲು ಹಾಕುವುದಿದ್ದರೆ ಪೂರ್ತಿ ತುಂಬಿಸಿಯೂ ಅಲ್ಲ, ಬರಿದು ಮಾಡಿಯೂ ಅಲ್ಲ, ಸುಮಾರು ಅರ್ಧ ಚಾರ್ಜಿನಲ್ಲಿ ತಂಪಾದ ಒಣ ಜಾಗದಲ್ಲಿ ಇಡಬೇಕು. ಪೆಟ್ಟಿಗೆಯಿಂದ ಬ್ಯಾಟರಿ ಕೀಳುವ ಮೊದಲು ಅದಕ್ಕೆ ಮಲಗು ಎಂಬ ಆಜ್ಞೆ ಕೊಡಿ. ಹಾಗೆ ಮಾಡದೆ ಕಿತ್ತರೆ ಕೆಲವು ಪೆಟ್ಟಿಗೆಗಳು ಮಾಡಿದ ಕೆಲಸವನ್ನು ಮರೆಯುತ್ತವೆ, ಎತ್ತಿದ ಡಬ್ಬಗಳನ್ನು ಮತ್ತೆ ಎಣಿಸುವ ಪಾಡು ನಮ್ಮದಾಗುತ್ತದೆ.

ಶೀತಕೋಣೆಯ ಮಾತನ್ನು ಬೇರೆಯಾಗಿ ಹೇಳಬೇಕು. ಹೆಪ್ಪುಗಟ್ಟಿಸಿದ ಬಟಾಣಿ, ಪರೋಟ, ಮೀನು ಇಡುವ ಕೋಣೆ ಸೊನ್ನೆಗಿಂತ 18 ಡಿಗ್ರಿ ಕೆಳಗಿರುತ್ತದೆ. ಅಲ್ಲಿ ಬ್ಯಾಟರಿಯ ಲಾಳಿ ನಿಧಾನವಾಗಿ ಓಡುತ್ತದೆ. ಹೊರಗೆ ಅರ್ಧ ತೋರಿಸುತ್ತಿದ್ದದ್ದು ಒಳಗೆ ಹೋದ ಸ್ವಲ್ಪ ಹೊತ್ತಿಗೆ ಮುಗಿಯಿತು ಎನ್ನುತ್ತದೆ. ಹೊರಗೆ ಬಂದು ಬೆಚ್ಚಗಾದರೆ ಒಂದಿಷ್ಟು ಮತ್ತೆ ಜೀವ ಬರುತ್ತದೆ. ಇದು ಸಹಜ, ಹೆದರಬೇಕಾಗಿಲ್ಲ. ಹೆದರಬೇಕಾದದ್ದು ಇನ್ನೊಂದಕ್ಕೆ: ಹೊರಗೆ ತಂದ ತಣ್ಣನೆಯ ಬ್ಯಾಟರಿಯನ್ನು ಹಾಗೆಯೇ ಚಾರ್ಜಿಗೆ ಹಾಕಬಾರದು. ಸೊನ್ನೆ ಡಿಗ್ರಿಗಿಂತ ಕೆಳಗಿರುವಾಗ ಚಾರ್ಜು ಮಾಡಿದರೆ ಲಿಥಿಯಂ ಒಳಗೆ ಹೋಗಿ ಕೂಡುವ ಬದಲು ಮೇಲೆಯೇ ಲೋಹವಾಗಿ ಅಂಟುತ್ತದೆ. ಅದು ಮರಳಿ ಸರಿಹೋಗುವುದಿಲ್ಲ, ಮುಂದೆ ಒಳಗೇ ತಂತಿ ಕೂಡಿದಂತಾಗಿ ಬೆಂಕಿಗೂ ದಾರಿಯಾಗಬಹುದು. ಜೊತೆಗೆ ಮುಂಬಯಿಯ ಹಸಿ ಗಾಳಿಯಲ್ಲಿ ತಣ್ಣನೆಯ ಬ್ಯಾಟರಿಯ ಮೇಲೆ, ತಣ್ಣೀರಿನ ಲೋಟದ ಮೇಲೆ ಕೂಡುವಂತೆ, ನೀರು ಕೂಡುತ್ತದೆ. ಒರೆಸಿ, ಒಣಗಲು ಬಿಟ್ಟು, ಕೈಗೆ ತಣ್ಣಗೆ ಹತ್ತದಂತಾದ ಮೇಲೆ ಗೂಡಿಗೆ ಹಾಕಬೇಕು. ಅವಸರದ ಮುಕಾದಮನಿಗೆ ಇದನ್ನು ಹೇಳಿ ಒಪ್ಪಿಸುವುದು ಬ್ಯಾಟರಿ ಒಣಗಿಸುವುದಕ್ಕಿಂತ ಕಷ್ಟ.

ಬ್ಯಾಟರಿಗೂ ಪೆಟ್ಟಿಗೆಗೂ ಕೂಡುವ ಹಳದಿ ಲೋಹದ ಚುಕ್ಕೆಗಳು ಕೊಳೆಯಾದರೆ ಚಾರ್ಜು ಸರಿಯಾಗಿ ಏರದು. ನಮ್ಮಲ್ಲೊಬ್ಬರು ಹಳೆಯ ಅಭ್ಯಾಸದಂತೆ ಮರಳುಕಾಗದ ಹಾಕಿ ಉಜ್ಜಿದರು; ಮೇಲಿನ ಲೇಪವೇ ಹೋಯಿತು. ಒಣ ಮೆತ್ತನೆಯ ಬಟ್ಟೆ ಸಾಕು, ಹಟಮಾರಿ ಕೊಳೆಗೆ ಬಟ್ಟೆಗೆ ಹಚ್ಚಿದ ಒಂದೆರಡು ಹನಿ ಐಸೊಪ್ರೊಪೈಲ್ ಆಲ್ಕೊಹಾಲು, ಅದೂ ಬ್ಯಾಟರಿ ಕಳಚಿಟ್ಟ ಮೇಲೆ.

ಇನ್ನು ಉಬ್ಬಿದ ಬ್ಯಾಟರಿ. ಒಮ್ಮೆ ನಮ್ಮ ಚಾರ್ಜಿನ ಕೋಣೆಯಲ್ಲಿ ಒಂದು ಬ್ಯಾಟರಿ ಗೂಡಿಗೆ ಕೂಡಲೊಲ್ಲದು. ಒಬ್ಬ ಅಂಗೈಯಿಂದ ಗುದ್ದಿ ಕೂರಿಸಲು ಹೋದ. ಕೈ ಹಿಡಿದೆವು. ಬೆಳಕಿಗೆ ಹಿಡಿದು ನೋಡಿದರೆ ಅದರ ಹೊಟ್ಟೆ ಹುಳಿ ಬಂದ ಹಿಟ್ಟಿನ ಡಬ್ಬಿಯ ಮುಚ್ಚಳದಂತೆ ಮೇಲೆದ್ದಿತ್ತು. ಒಳಗಿನ ದ್ರವ ಕೆಟ್ಟು ಅನಿಲ ತುಂಬಿದಾಗ ಹೀಗಾಗುತ್ತದೆ. ಅಂಥದನ್ನು ಒತ್ತಬಾರದು, ಚುಚ್ಚಬಾರದು, ಒಂದು ಸಲವೂ ಚಾರ್ಜಿಗೆ ಹಾಕಬಾರದು. ರಟ್ಟು, ಪ್ಲಾಸ್ಟಿಕ್ಕುಗಳಿಂದ ದೂರ, ಮರಳು ಹಾಕಿದ ತಗಡಿನ ಬಾಲ್ದಿಯಲ್ಲಿ ಇಟ್ಟು ಮೇಲಿನವರಿಗೆ ತಿಳಿಸಬೇಕು. ಕಸದ ಡಬ್ಬಿಗೂ ಗುಜರಿಯವನ ಚೀಲಕ್ಕೂ ಹಾಕಬಾರದು. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಯನ್ನು ತಿರುಗಿ ಪಡೆದು ಸರಿಯಾಗಿ ವಿಲೇ ಮಾಡಿಸುವ ಹೊಣೆ ತಯಾರಕರದು.

ಹೊಣೆಯ ಮಾತು ಬಂದುದರಿಂದ ಇನ್ನೊಂದು. ಹೆಡ್‌ಸೆಟ್ಟು ಮುರಿಯಿತು, ಬ್ಯಾಟರಿ ಕೆಟ್ಟಿತು ಎಂದು ಸಂಬಳದಿಂದ ಹಣ ಹಿಡಿಯುವುದನ್ನು ನಾವು ಕಂಡಿದ್ದೇವೆ. ಕೆಲಸಗಾರನ ಅಲಕ್ಷ್ಯದಿಂದಲೇ ನೇರವಾಗಿ ನಷ್ಟವಾಗಿದ್ದರೆ ಮಾತ್ರ, ಅದೂ ಅವನಿಗೆ ತನ್ನ ಸಮಾಧಾನ ಹೇಳಲು ಅವಕಾಶ ಕೊಟ್ಟ ಮೇಲೆಯೇ, ನಷ್ಟಕ್ಕಿಂತ ಹೆಚ್ಚಾಗದಂತೆ ಹಿಡಿಯಬಹುದು. 1936ರ ವೇತನ ಪಾವತಿ ಕಾಯದೆಯಲ್ಲಿದ್ದ ಈ ಮಾತು ಅದರ ಜಾಗಕ್ಕೆ ಬಂದ 2019ರ ವೇತನ ಸಂಹಿತೆಯಲ್ಲಿಯೂ ಇದೆ. ಓಟ ಮುಗಿದು ಸತ್ತ ಬ್ಯಾಟರಿ ಅಲಕ್ಷ್ಯದಿಂದ ಸತ್ತದ್ದಲ್ಲ ಎಂದು ತೋರಿಸಲು ಸಂಖ್ಯೆ, ತಾರೀಖು ಬರೆದ ಹಾಳೆ ಬೇಕಾಗುತ್ತದೆ. ಬಾಯಿಮಾತು ಅಲ್ಲಿ ನಿಲ್ಲದು.

ಹೋಟೆಲಿನ ಅಣ್ಣಂದಿರು, ಇದು ಗೋದಾಮಿನವರ ಪಾಡು, ನಮಗೇಕೆ ಎನ್ನಬಹುದು. ಈಗ ದೊಡ್ಡ ಹೋಟೆಲುಗಳಲ್ಲಿ ಆರ್ಡರು ಬರೆದುಕೊಳ್ಳುವುದು ಮೊಬೈಲಿನಂಥ ಯಂತ್ರದಲ್ಲಿ; ಕ್ಯಾಪ್ಟನ್ನರ ಕಿವಿಯಲ್ಲಿ ವಾಕಿಟಾಕಿ. ಬ್ಯಾಟರಿ ಅದೇ ಜಾತಿಯದು. ಅದನ್ನು ದೋಸೆಕಲ್ಲಿನ ಪಕ್ಕದ ಪ್ಲಗ್ಗಿನಲ್ಲಿ ಚಾರ್ಜಿಗೆ ಇಡುವುದನ್ನು ನಾವು ಈ ಊರಿನಲ್ಲಿಯೇ ಎರಡು ಕಡೆ ನೋಡಿದೆವು. ಗಲ್ಲೆಯ ಹಿಂದಿನ ತಂಪು ಜಾಗಕ್ಕೆ ಅದನ್ನು ಸರಿಸಲು ಇಂದೇ ಹೇಳಿ.

ನಮ್ಮ ವಹಿಯನ್ನು ತಂದಿದ್ದೇವೆ. ಗೆರೆ ಹಾಕಿದ ಖಾಲಿ ಹಾಳೆಗಳ ಪ್ರತಿಗಳೂ ಇವೆ. ಬೇಕಾದವರು ಸಭೆ ಮುಗಿದ ಮೇಲೆ ತೆಗೆದುಕೊಳ್ಳಬಹುದು. ನಮ್ಮಲ್ಲಿಬ್ಬರಿಗೆ ಈ ದಿನ ರಾತ್ರಿ ಪಾಳಿ ಇರುವುದರಿಂದ ಏಳು ಗಂಟೆಯೊಳಗೆ ಕೇಳಿದರೆ ಉಪಕಾರವಾಗುತ್ತದೆ.